ಹಳೇ ಪಿಂಚಣಿಯವನ ಕೈ

ಜುಲೈ 3, ಬೆಳಿಗ್ಗೆ 6
ಬೆಟ್ಟದಪುರ ಸೆಕ್ಷನ್. ಹಳೇ ಪಿಂಚಣಿ ಕೊಡಿ ಅಂತ ಇವತ್ತೂ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡೇ ಲೈನಿಗೆ ಹೊರಟೆ. ನಿನ್ನೆ ಮಾದೇವಣ್ಣನ ಕಾಲರ್ ಹಿಡಿದೆ. ಅವನೂ ಲೈನ್‌ಮನ್, ನಾನೂ ಲೈನ್‌ಮನ್. ಅವನು ಎರಡು ಸಾವಿರದ ಆರಕ್ಕೆ ಮುಂಚೆ ಸೇರಿದವನು — ಹಳೇ ಪಿಂಚಣಿ, ಸಾಯುವ ತನಕ ಬರುತ್ತದೆ. ನಾನು ಆಮೇಲೆ ಬಂದವನು — ಎನ್‌ಪಿಎಸ್. ಸಂಬಳದಲ್ಲಿ ಹಿಡಿದ ದುಡ್ಡು ಷೇರು ಪೇಟೆಗೆ. ಎದ್ದರೆ ಎದ್ದಿತು, ಬಿದ್ದರೆ ನಮ್ಮ ಹಣೆಬರಹ. ಹತ್ತುವ ಕಂಬ ಮಾತ್ರ ಒಂದೇ. ಹೇಳಿದರೆ ನಗುತ್ತಾನೆ, ಷೇರು ಸಾವ್ಕಾರ ಅನ್ನುತ್ತಾನೆ. ಇನ್ನೊಂದು ಸಲ ಅಂದರೆ ಹಲ್ಲು ಉದುರಿಸುತ್ತೇನೆ.

ಜುಲೈ 9
ಹಳೇ ಪಿಂಚಣಿಗಾಗಿ ನಾಳಿದ್ದು ಮುಷ್ಕರ. ಎಲ್ಲರೂ ಒಪ್ಪಿದರು, ಮಾದೇವಣ್ಣ ಒಬ್ಬನನ್ನು ಬಿಟ್ಟು. ತಿಂಗಳ ಕೊನೆಗೆ ರಿಟೈರ್ ಆಗುತ್ತಾನಂತೆ, ರಗಳೆ ಬೇಡವಂತೆ. ಅವತ್ತು ಕಂಬ ಹತ್ತಿದರೆ ಕೈ ಮುರಿಯುತ್ತೇನೆ ಅಂದೆ. ಟೀ ಅಂಗಡಿ ಹಿಂದೆ, ಅವನೊಬ್ಬನಿಗೇ ಕೇಳುವ ಹಾಗೆ.

ಜುಲೈ 11, ಸಂಜೆ
ಮುರಿದೆ.
ಪಿರಿಯಾಪಟ್ಟಣದಲ್ಲಿ ತಾಲ್ಲೂಕು ಕಚೇರಿ ಮುಂದೆ ಕೂತಿದ್ದೆವು. ಮಾದೇವಣ್ಣ ಲೈನ್ ಸರಿ ಮಾಡುತ್ತಿದ್ದಾನೆ ಅಂತ ಫೋನ್ ಬಂತು. ಬೈಕ್ ಓಡಿಸಿದೆ. ಹೊಗೆಸೊಪ್ಪಿನ ಹೊಲದ ನಡುವೆ ಒಬ್ಬನೇ, ಆಗತಾನೆ ಕಂಬದಿಂದ ಇಳಿದಿದ್ದ, ಸೊಂಟಕ್ಕೆ ಸೇಫ್ಟಿ ಬೆಲ್ಟ್ ಇನ್ನೂ ಇತ್ತು. ಷೇರು ಸಾವ್ಕಾರ ಬಂದ ಅಂದ. ಫ್ಯೂಸ್ ಎಳೆಯುವ ಕೋಲು ಅಲ್ಲೇ ಬಿದ್ದಿತ್ತು. ಬಲಗೈಗೆ ಒಂದು. ಮೂಳೆ ಮುರಿದ ಸದ್ದು ಕೇಳಿಸಿತು. ಬಿದ್ದ ಮೇಲೂ ಎರಡು ಹಾಕಿದೆ. ಮೂಗಲ್ಲಿ ಬಾಯಲ್ಲಿ ರಕ್ತ... ಆಮೇಲೆ ನಾನೇ ಬೆನ್ನಿಗೆ ಒರಗಿಸಿಕೊಂಡು ಬೈಕಿನಲ್ಲಿ ಆಸ್ಪತ್ರೆಗೆ ತಂದೆ. ಅಂಗಿ ಇನ್ನೂ ಒಗೆದಿಲ್ಲ.

ಜುಲೈ 12
ಪೊಲೀಸರಿಗೆ ಕಂಬದಿಂದ ಬಿದ್ದೆ ಅಂತ ಹೇಳಿಕೆ ಕೊಟ್ಟಿದ್ದಾನೆ. ವಾರ್ಡಿಗೆ ಹೋಗಿ ಯಾಕೆ ಅಂತ ಕೇಳಿದೆ.
"ನಂಗೆ ಪಿಂಚಣಿ ಬತ್ತದೆ ಕಣ್ಲಾ. ಕೆಲ್ಸ ಕಳ್ಕಂಡ್ರೆ ನಿಂಗೇನದೆ? ಓಗು."
ಕರುಣೆ ತೋರಿಸುವುದಕ್ಕೂ ಇವನಿಗೆ ಪಿಂಚಣಿಯ ಬಲ. ಇನ್ನೊಂದು ಕೈಯನ್ನೂ ಮುರಿಯಬೇಕು ಅನ್ನಿಸಿತು. ಕ್ಷಮಿಸು ಅನ್ನದೆ ಎದ್ದು ಬಂದೆ.

ಜುಲೈ 27
ಎನ್‌ಕ್ವೈರಿ. ನನ್ನ ಮೇಲಲ್ಲ, ಅವನ ಮೇಲೆ. ಸೇಫ್ಟಿ ಬೆಲ್ಟ್ ಕಟ್ಟಿಕೊಂಡವನು ಬೀಳುವುದಿಲ್ಲ. ಬಿದ್ದನೆಂದರೆ ಕಟ್ಟಿರಲಿಲ್ಲ, ಅವನದೇ ನಿರ್ಲಕ್ಷ್ಯ ಅಂತ ಬರೆದಿದ್ದಾರೆ. ತಪ್ಪು ಸಾಬೀತಾದರೆ ಪಿಂಚಣಿಗೇ ಕತ್ತರಿ.
ಸಂಜೆ ಅವನ ಹೆಂಡತಿ ಪುಟ್ಟಮಲ್ಲಮ್ಮ ಬಾಗಿಲಿಗೆ ಬಂದು ಕೆನ್ನೆಗೆ ಬಾರಿಸಿದರು. ತುಟಿ ಒಡೆಯಿತು.
"ಅವ್ರು ಬಾಯಿ ಬುಡಾಕಿಲ್ಲ. ನೀನೇ ಬುಡ್ಬೇಕು."

ಜುಲೈ 30, ಬೆಳಿಗ್ಗೆ 10
ಹುಣಸೂರು ಆಫೀಸಿನ ಬೆಂಚು. ಆಸ್ಪತ್ರೆಗೆ ಸೇರಿಸಿದವನು ಅಂತ ನನ್ನನ್ನೇ ಸಾಕ್ಷಿಗೆ ಕರೆಸಿದ್ದಾರೆ. ಸಾಹೇಬರು ಕೇಳುವುದು ಒಂದೇ — ಬೆಲ್ಟ್ ಇತ್ತಾ? ಇಲ್ಲ ಅಂದರೆ ನನ್ನ ಕೆಲಸ ಉಳಿಯುತ್ತದೆ, ಅವನ ಪಿಂಚಣಿ ಹೋಗುತ್ತದೆ. ಎದುರಿಗೇ ಕೂತಿದ್ದಾನೆ, ಕೈಗೆ ಪಟ್ಟಿ. ಬೇಡ ಅಂತ ನನಗೆ ತಲೆ ಅಲ್ಲಾಡಿಸುತ್ತಿದ್ದಾನೆ. ಆ ತಲೆಗೇ ಒಂದು ಬಿಡೋಣ ಅನ್ನಿಸುತ್ತದೆ. ಅಳುವೂ ಬರುತ್ತಿದೆ.
ಇತ್ತು ಅನ್ನುತ್ತೇನೆ. ಮತ್ತೆ ಹೇಗಯ್ಯಾ ಬಿದ್ದ ಅಂತ ಕೇಳುತ್ತಾರೆ. ಬೀಳಲಿಲ್ಲ ಸಾರ್, ನಾನೇ