ಡಟ ಎಂದರೆ ಡಬಲ್ ಟ್ಯಾಂಕರ್ ಅಲ್ಲ

ನೀರು ಸರಬರಾಜು ಕಚೇರಿಯ ಗಣಕ ವಿಭಾಗದ ಮಾನ್ಯ ಮುಖ್ಯಸ್ಥರೇ,

ಸೋಮವಾರದಿಂದ ಕಚೇರಿಯ ಎಲ್ಲ ಕಂಪ್ಯೂಟರುಗಳಿಂದ 'ಕಪ್ಪು ಪರದೆಯ ಬಿಟ್ಟಿ ತಂತ್ರಾಂಶ'ವನ್ನು ಕಿತ್ತುಹಾಕುವುದಾಗಿ ಸುತ್ತೋಲೆ ಹೊರಡಿಸಿದ್ದೀರಿ. ನಾನು ವರ್ಷಗಳಿಂದ ತಮ್ಮ ಪ್ರಕಟಣೆಗಳನ್ನು ಬರೆಯುತ್ತಿರುವುದು ಅದರಲ್ಲೇ. ಅದು ಬಿಟ್ಟಿಯಲ್ಲ ಸ್ವಾಮಿ, ಮುಕ್ತ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ಗಾಳಿಗೂ ಬಿಲ್ ಬರುವುದಿಲ್ಲ. ಹಾಗೆಂದು ತಾವು ಉಸಿರಾಡುವುದನ್ನು ನಿಲ್ಲಿಸಿದ್ದೀರಾ?

ಇದಕ್ಕೆಲ್ಲ ಕಾರಣ 'ಡಟ ಪ್ರಕರಣ'ವಂತೆ. ಇದು ಬಹಿರಂಗ ಪತ್ರವಾದ್ದರಿಂದ ಓದುಗರಿಗಾಗಿ ವಿವರಿಸುತ್ತೇನೆ. ಈ ತಂತ್ರಾಂಶಕ್ಕೆ ಮೌಸ್ ಬೇಡ. ಏನಿದ್ದರೂ ಕೀಲಿಮಣೆಯಿಂದಲೇ ಹೇಳಬೇಕು. ಎರಡು ಚುಕ್ಕಿ ಹಾಕಿ ಡಬ್ಲ್ಯೂ ಒತ್ತಿದರೆ ಬರೆದದ್ದನ್ನು ಉಳಿಸುತ್ತದೆ, ಜೊತೆಗೆ ಕ್ಯೂ ಒತ್ತಿದರೆ ನಾವು ಅದರಿಂದ ಹೊರಡಬಹುದು. ಕೀಲಿಮಣೆ ಕನ್ನಡದಲ್ಲಿದ್ದಾಗ ಅವೇ ಕೀಲಿಗಳು 'ಡ' ಮತ್ತು 'ಟ'. ಅವಸರದಲ್ಲಿ ಹಾಗೆ ಒತ್ತಿದರೆ ಹಳೆಯದು 'ಇಂಥ ಆಜ್ಞೆ ಗೊತ್ತಿಲ್ಲ' ಎಂದು ಗದರಿ ಸುಮ್ಮನಾಗುತ್ತಿತ್ತು. ತಾವು ಹಾಕಿಸಿದ ಬಣ್ಣಬಣ್ಣದ ಹೊಸದಕ್ಕೆ ಅಷ್ಟು ಬುದ್ಧಿಯೆಲ್ಲಿ? ಪರೀಕ್ಷೆಗೆಂದು ನನ್ನನ್ನು ಅದರ ಮುಂದೆ ಕೂರಿಸಿದ ದಿನವೇ, ನನ್ನ ಬೆರಳುಗಳು ಅಭ್ಯಾಸಬಲದಿಂದ ಒತ್ತಿದ್ದನ್ನು ಅದು ಮರುಮಾತಿಲ್ಲದೆ ಪ್ರಕಟಣೆಗೇ ಸೇರಿಸಿಬಿಟ್ಟಿತು: "ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ :ಡಟ".

ಮರುದಿನ ನಮ್ಮ ಬೀದಿಯುದ್ದಕ್ಕೂ ಬಕೆಟ್ಟುಗಳ ಸಾಲು. ಸಾಲಿನ ಮೊದಲಿಗೆ ನನ್ನ ಅತ್ತೆಯೇ.

"ಯಾಕತ್ತೆ, ಬಿಸಿಲಲ್ಲಿ ನಿಂತಿದ್ದೀರಿ?"

"ಡಟ ಅಂತ ಹಾಕಿದ್ದಾರಲ್ಲೇ, ಡಬಲ್ ಟ್ಯಾಂಕರ್! ಆಫೀಸಲ್ಲಿರೋಳಿಗೆ ಅಷ್ಟೂ ಗೊತ್ತಿಲ್ವಾ?"

ಒಂದು ಟ್ಯಾಂಕರೂ ಬರಲಿಲ್ಲ. ಜನ ತಮಗೆ ಫೋನಿನಲ್ಲೇ ಮಂಗಳಾರತಿ ಎತ್ತಿದರಂತೆ. ಬೆರಳು ನನ್ನದೇ, ಒಪ್ಪಿದೆ. ಆದರೆ ಎಡವಟ್ಟು ಮಾಡಿದ್ದು ಹೊಸದು, ಗಂಟುಮೂಟೆ ಕಟ್ಟಬೇಕಾದ್ದು ಹಳೆಯದು, ಇದ್ಯಾವ ನ್ಯಾಯ?

ಅಥವಾ ತಮ್ಮ ಸಿಟ್ಟಿಗೆ ಬೇರೆ ಕಾರಣವಿದೆಯೇ? ಹಿಂದೊಮ್ಮೆ "ಸರ್ಕೊಳ್ಳಿ, ನಾನೇ ನೋಡ್ತೀನಿ" ಎಂದು ನನ್ನ ಕುರ್ಚಿಯಲ್ಲಿ ಕುಳಿತಿರಿ. ಕಪ್ಪು ಪರದೆಯೊಳಗೆ ಹೋದವರಿಗೆ ಹೊರಬರುವ ದಾರಿ ಕಾಣದೆ, ಕೊನೆಗೆ ಮೇಜಿನಡಿ ತೂರಿ ಪ್ಲಗ್ಗನ್ನೇ ಕಿತ್ತಿರಿ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಇವತ್ತಷ್ಟೇ ಹೇಳುತ್ತಿದ್ದೇನೆ.

ತಮಾಷೆ ಸಾಕು. ನನ್ನ ಬಲಗೈ ಮಣಿಕಟ್ಟು ಮುರಿದು ಕೂಡಿದ ಮೇಲೆ, ಮೌಸ್ ಹಿಡಿದರೆ ಸ್ವಲ್ಪ ಹೊತ್ತಿಗೇ ಬೆರಳುಗಳು ಮರಗಟ್ಟುತ್ತವೆ. ಕೀಲಿಮಣೆಯ ಮೇಲೆ ಮಾತ್ರ ಅವು ಇನ್ನೂ ನನ್ನ ಮಾತು ಕೇಳುತ್ತವೆ. ಹೊಸದರಲ್ಲಿ ಪ್ರತಿಯೊಂದಕ್ಕೂ ಮೌಸ್ ಬೇಕು. ಅದನ್ನು ಹೇಳಲು ಬಂದಾಗ ತಾವು ತಲೆಯೆತ್ತದೆ, "ಆಗಲ್ಲ ಅಂದ್ರೆ ಬೇರೆ ಕೆಲಸ ನೋಡ್ಕೊಳ್ಳಮ್ಮ" ಎಂದಿರಿ. ಕೈಲಾಗದವಳು ಎನ್ನಿಸಿಕೊಂಡು ಹೋಗಲು ನನಗೆ ಭಯ ಸ್ವಾಮಿ. ಈ ಕೆಲಸ ನನಗೆ ಇಷ್ಟ, ಬರುವುದೂ ಇದೇ.

ಆದ್ದರಿಂದ ಉಳಿದ ಕಂಪ್ಯೂಟರುಗಳಲ್ಲಿ ಏನು ಬೇಕಾದರೂ ಹಾಕಿಸಿಕೊಳ್ಳಿ. ಕಿಟಕಿ ಪಕ್ಕದ ನನ್ನದೊಂದರಲ್ಲಿ ಹಳೆಯದನ್ನು ಇರಗೊಡಿ. ಅಂದು ತಮಗೆ ಹೊರಬರುವ ದಾರಿ ಗೊತ್ತಿರಲಿಲ್ಲ. ನನಗೆ ಗೊತ್ತು, ಆದರೆ ಹೊರಡಲು ಮನಸ್ಸಿಲ್ಲ. ನನಗೆ ಉಳಿಸುವ 'ಡ' ಒಂದೇ ಸಾಕು, 'ಟ' ಬೇಡ.

ಇಂತಿ,
ಇನ್ನೂ ತಮ್ಮದೇ ಕಚೇರಿಯ ಪ್ರಕಟಣೆ ಬರೆಯುವವಳು
:ಡ