ದಾರಿಹಾಡಿಗೆ ಹಾಕಿದ ಬೀಗ

೨೧೯೧, ಫೆಬ್ರವರಿ ೩೦

ನನ್ನ ಮುತ್ತಜ್ಜಿಯ ಮುತ್ತಜ್ಜಿಯಾದ ಕುಂಬಮ್ಮಜ್ಜಿಗೂ, ಅವಳೊಡನೆ ಬೆಟ್ಟದ ಮೇಲಿನ ನಮ್ಮ ಪೋಡಿನ ಗುಡಿಸಲುಗಳಲ್ಲಿ ಕೂತು ಸಂಶೋಧನೆ ಮಾಡುತ್ತಿರುವ ವಿಶ್ವವಿದ್ಯಾಲಯದ ನಳಿನಾಕ್ಷಿ ಮೇಡಂ ಅವರಿಗೂ ಜಡೆಮಾದಿಯ ಶರಣು.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಪೋಡಿನ ನುಡಿ ನನಗೆ ಅರ್ಧಂಬರ್ಧ, ಉಳಿದದ್ದು ಶಾಲೆಯ ಕನ್ನಡ. ಈ ಕಾಗದ ಹಿಂದೋಲೆಯಲ್ಲಿ ಬರುತ್ತಿದೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆಯಲ್ಲಿ. ಮುಟ್ಟಿತೋ ಇಲ್ಲವೋ ತಿಳಿಯುವುದಿಲ್ಲ. ಆ ವಿಷಯದಲ್ಲಿ ನಿಮ್ಮ ಕಾಲದ ಅಂಚೆಗಿಂತ ಏನೂ ಸುಧಾರಿಸಿಲ್ಲ.

ನಾವೀಗ ಬೆಟ್ಟದಲ್ಲಿಲ್ಲ. ಬೆಟ್ಟಕ್ಕೆ ಉಸಿರುಬನ ಎಂದು ಹೆಸರಿಟ್ಟು ಮನುಷ್ಯರು ಕಾಲಿಡದಂತೆ ಮಾಡಿದ್ದಾರೆ. ಬಯಲಿನ ಪೇರುಮನೆಗಳಲ್ಲಿ, ಒಂದರ ತಲೆಯ ಮೇಲೊಂದು ಕೂತ ಮನೆಗಳಲ್ಲಿ ಇದ್ದೇವೆ. ರಾಗಿಮುದ್ದೆ ಯಂತ್ರದಿಂದ ದುಂಡಗೆ ಬಂದು ಬೀಳುತ್ತದೆ. ಅವ್ವ ಮಾತ್ರ ಅದನ್ನು ಬೈಯುತ್ತಾ ಮತ್ತೊಮ್ಮೆ ಕೈಯಲ್ಲಿ ಉಂಡೆ ಮಾಡಿ ತಟ್ಟೆಗೆ ಹಾಕುತ್ತಿದ್ದಳು. ಅವ್ವ ನಿನ್ನೆ ತೀರಿಕೊಂಡಳು.

ಅಜ್ಜಿ, ನಿನಗೆ ಗೊತ್ತಿರುವುದೇ. ಮಣ್ಣಿಗಿಡುವಾಗ ದಾರಿಹಾಡು ಹೇಳಬೇಕು, ಇಲ್ಲದಿದ್ದರೆ ಹೋದವರಿಗೆ ಹಿರಿಯರು ಸಿಗುವುದಿಲ್ಲ. ಸಾವಿಲ್ಲದ ಮನೆಯಲ್ಲಿ ಅದನ್ನು ಗುನುಗಿದರೂ ಕೇಡು. ಹಾಗಾಗಿ ಯಾರೂ ಕೂರಿಸಿ ಕಲಿಸುವಂತಿಲ್ಲ, ಗುಂಡಿಯ ಹತ್ತಿರ ನಿಂತು ಕೇಳಿಯೇ ಕಲಿಯಬೇಕು. ಬರಬರುತ್ತಾ ಸಾವುಗಳೆಲ್ಲ ದೂರದ ಆಸ್ಪತ್ರೆಗಳಲ್ಲಿ ಆದವು, ಗುಂಡಿಯ ಹತ್ತಿರ ಮಕ್ಕಳೇ ನಿಲ್ಲಲಿಲ್ಲ. ನಿನ್ನ ದನಿಯಲ್ಲಿ ಹಾಡು ವಿಶ್ವವಿದ್ಯಾಲಯದಲ್ಲಿ ಭದ್ರವಾಗಿದೆಯಲ್ಲ ಎಂದು ದೊಡ್ಡವರು ಧೈರ್ಯವಾಗಿದ್ದರು.

ಮೇಡಂ, ನಿಮ್ಮ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳಾದೀತು. ಆದರೂ ನಿಮಗೆ ಕೈಮುಗಿಯುತ್ತೇನೆ. ನಿಮಗಿಂತ ಮುಂಚೆ ಬಂದ ವಿದ್ವಾಂಸರು ಹಾಡು ಒಯ್ದರು, ತಿರುಗಿ ನೋಡಲಿಲ್ಲ. ನೀವು ಏನು ಕೇಳಬಹುದು, ಏನು ಕೇಳಬಾರದು ಎಂಬುದನ್ನೂ ಪೋಡಿನವರನ್ನೇ ಕೇಳಿದಿರಿ, ಪೋಡಿನ ಬಗ್ಗೆ ಬರೆದ ಪುಸ್ತಕದ ಮೇಲೆ ಅಜ್ಜಿಯ ಹೆಸರನ್ನು ನಿಮ್ಮ ಹೆಸರಿಗಿಂತ ಮುಂದೆ ಹಾಕಿದಿರಿ. ಅಜ್ಜನನ್ನು ಮಣ್ಣು ಮಾಡಿದ ದಿನ ಹಾಡನ್ನು ರೆಕಾರ್ಡ್ ಮಾಡಲು ಒಪ್ಪಿದ ಅಜ್ಜಿ ಆಡಿದ ಮಾತು ನಮ್ಮ ಮನೆಯಲ್ಲಿ ಇನ್ನೂ ಉಳಿದಿದೆ: "ಹಾಡ ಬಲ್ಲೋರ್ಗೆ ಮಾತ್ರ ಕೇಳ್ಸು ಕನವ್ವ. ಕಂಡೋರ ಕಿವಿಗೆ ಬೀಳ್ಬಾರ್ದು." ನೀವು ಅದನ್ನೇ ಒಪ್ಪಂದವಾಗಿ ಬರೆದಿರಿ.

ಇಂದು ಬೆಳಿಗ್ಗೆ ದನಿಗೂಡಿಗೆ ಹೋಗಿದ್ದೆ. ವಿಶ್ವವಿದ್ಯಾಲಯ ಹಳೆಯ ದನಿಗಳನ್ನು ಕಾಪಿಡುವ ಮನೆ ಅದು. ಹಾಡು ಬಲ್ಲಿರೆಂದು ತೋರಿಸಲು ಮೊದಲ ಸಾಲು ಹಾಡಿ ಎಂದಿತು ಬಾಗಿಲು. ಬಾರದ್ದಕ್ಕೇ ಬಂದಿದ್ದೇನೆ ಎಂದೆ. ಬಾಗಿಲಿಗೆ ಅದು ಅರ್ಥವಾಗಲಿಲ್ಲ. ಅಲ್ಲಿನ ಮೇಲ್ವಿಚಾರಕಿ ಶಾಹಿದಾ ನನ್ನ ಕೈ ಹಿಡಿದು ಅತ್ತರು. ನಿಮ್ಮ ಅಜ್ಜಿಗೆ ಕೊಟ್ಟ ಮಾತನ್ನು ನಾನು ಹೇಗೆ ಮುರಿಯಲಿ ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಯಾರಾದರೂ ಕೆಟ್ಟವರಿದ್ದಿದ್ದರೆ ಬೈದು ಹಗುರಾಗುತ್ತಿದ್ದೆ. ಎಲ್ಲರೂ ಒಳ್ಳೆಯವರು, ಅವ್ವನಿಗೆ ಹಾಡಿಲ್ಲ.

ಒಂದೇ ಬೇಡಿಕೆ. ಒಪ್ಪಂದ ಮುರಿಯಬೇಡಿ. ಅದರ ಕೊನೆಗೆ ಇಬ್ಬರೂ ಕೂತು ಒಂದು ಸಾಲು ಸೇರಿಸಿ: ಹಾಡು ಬಾರದ ಮೊಮ್ಮಕ್ಕಳು ಸಾವಿನ ಮನೆಯಿಂದ ಬಂದರೆ ಬಾಗಿಲು ತೆರೆಯಬೇಕು ಎಂದು. ನೀವು ಬರೆದ ಗಳಿಗೆಯಲ್ಲೇ ಅದು ಇಲ್ಲಿ ನೂರೈವತ್ತು ವರ್ಷದ ಹಳೆಯ ಮಾತಾಗಿರುತ್ತದೆ.

ಅವ್ವನನ್ನು ಎತ್ತಲು ಜನ ಬಂದಿದ್ದಾರೆ. ಹೊತ್ತು ಮುಳುಗುವ ಮೊದಲು ಮುಗಿಸಬೇಕು ಎನ್ನುತ್ತಿದ್ದಾರೆ. ಸ್ವಲ್ಪ ತಡೆಯಿರಿ, ಅಜ್ಜಿಗೆ ಬರೆದಿದ್ದೇನೆ ಎಂದು ಹೇಳಿ ಅವರನ್ನು ಹೊರಗೆ ನಿಲ್ಲಿಸಿದ್ದೇನೆ.