ಶಿವದೇವಿಯ ಹೆಸರಿನ ಅಂಗಡಿ

ಮಗಳೇ ಶಿವದೇವಿ,

ನೀನು ತೀರಿಕೊಂಡ ಮೇಲೆ ನಿನ್ನ ಗಂಡ ನರಸಿಂಹ ಜಹೀರಾಬಾದಿನ ಮಟನ್ ಅಂಗಡಿ ಮಾರಲು ಹೊರಟಿದ್ದ. ಇವತ್ತು ಅದನ್ನು ನಾನೇ ಕೊಂಡೆ, ಮಾಂಸ ಕಡಿಯುವ ಹುಣಸೆ ಕೊರಡು, ಕತ್ತಿ, ತಕ್ಕಡಿ ಸಮೇತ.

ಸನತ್‌ನಗರದ ನಮ್ಮ ಮನೆಗೆ ಬಂದು ಹೇಳಿದರೆ ನಿನ್ನ ಅಣ್ಣ ಹೌಹಾರಿದ. “ಅವ್ವಾ, ಕೊರಳಾಗ ಲಿಂಗ ಕಟ್ಟಿಕೊಂಡು ಕುರಿ ಕಡಿಸ್ತೀ ಏನು?”

“ಕಡಿಯೋರು ಕಡೀತಾರ, ನಾ ಗಲ್ಲಾದ ಮುಂದ ಕುಂದರ್ತೀನಿ. ಕೊಳ್ಳಾಕ ಬಂದಿದ್ದ ಇನ್ನೊಬ್ಬ ಬೋರ್ಡ್ ಅಳಿಸ್ತೀನಿ ಅಂದಿದ್ದ. ಅದರ ಮ್ಯಾಲೆ ನನ್ನ ಮಗಳ ಹೆಸರೈತಿ. ಈಗ ಯಾವನು ಅಳಿಸ್ತಾನೋ ಬರಲಿ!”

ಮಾಂಸ ಮಾರುವವನ ಕೈ ಹಿಡಿದೆಯೆಂದು ನಿನಗೆ ಅಂಗಳದಲ್ಲೇ ನೀರು ಕೊಡುತ್ತಿದ್ದೆ. ಕುಡಿದ ಲೋಟವನ್ನು ನಿನ್ನ ಕೈಯಿಂದಲೇ ತೊಳೆಸುತ್ತಿದ್ದೆ.

ಇವತ್ತು ನಿನ್ನ ಅಂಗಡಿಯ ಮಡಕೆಯ ನೀರು ಕುಡಿದೆ. ಲೋಟವನ್ನು ನಾನೇ ತೊಳೆದಿಟ್ಟೆ.

ನಿನ್ನವ್ವ